ಕಾಯಿಲೆಯನ್ನು ಬಚ್ಚಿಟ್ಟು ಪಾಠ ಮಾಡಬೇಕಾಗದ ಶಾಲೆ

(ಪೀಣ್ಯದಲ್ಲಿ ನಡೆದ ಶಿಕ್ಷಕರ ಮತ್ತು ಹೆತ್ತವರ ಸಭೆಯೊಂದರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)

 

ಶಿಕ್ಷಣದ ಕುರಿತು ನಮ್ಮ ಸಭೆಗಳಲ್ಲಿ ಮಾತಿಗೇನೂ ಕೊರತೆಯಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಎಷ್ಟು ಬಂತು, ಎಷ್ಟು ಹುಡುಗರು ಶಾಲೆ ಬಿಟ್ಟು ವರ್ಕ್‌ಶಾಪ್ ಸೇರಿದರು, ವಿದ್ಯಾರ್ಥಿವೇತನದ ಅರ್ಜಿ ಏನಾಯಿತು ಎಂದೆಲ್ಲ ಚರ್ಚಿಸುತ್ತೇವೆ. ಆದರೆ ತರಗತಿಯ ಮುಂದೆ ನಿಂತು ಪಾಠ ಮಾಡುವವರ ಆರೋಗ್ಯದ ಬಗ್ಗೆ ನಾವು ಎಂದಾದರೂ ಆಲೋಚಿಸಿದ್ದೇವೆಯೇ? ಹೃದಯದ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಇನ್ಸುಲಿನ್ ಚುಚ್ಚಿಕೊಂಡು ಬರುವವರು, ಆಸ್ತಮಾ ಇರುವವರು, ಗರ್ಭಿಣಿಯರು, ಇವರೆಲ್ಲ ನಮ್ಮ ಸ್ಟಾಫ್ ರೂಮುಗಳಲ್ಲಿದ್ದಾರೆ. ಅವರು ಶಾಲೆಗೆ ಮರಳಿ ಬರುವಾಗ ಯಾವ ಸಿದ್ಧತೆಯೊಂದಿಗೆ ಬರಬೇಕು, ಶಾಲೆ ಅವರನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದೇ ಇಂದಿನ ನನ್ನ ವಿಷಯ.

ಈ ವಿಷಯದಲ್ಲಿ ಮಾತಾಡಲು ನನಗಿರುವ ಅರ್ಹತೆ ಒಂದೇ. 2016ರಲ್ಲಿ ನನಗೆ ಕಿಡ್ನಿ ಕಸಿಯಾಯಿತು. ನನ್ನ ತಾಯಿ ತಮ್ಮ ಒಂದು ಕಿಡ್ನಿಯನ್ನು ನನಗೆ ಕೊಟ್ಟರು. ಆ ಕಿಡ್ನಿಯನ್ನು ನನ್ನ ಶರೀರ ಪರಕೀಯವೆಂದು ತಿರಸ್ಕರಿಸದಿರಲು ಪ್ರತಿ ಹನ್ನೆರಡು ಗಂಟೆಗೊಮ್ಮೆ ಔಷಧಿ ಸೇವಿಸಬೇಕು, ಜೀವನಪರ್ಯಂತ. ಆ ಔಷಧಿ ಮಾಡುವ ಕೆಲಸವೆಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು. ಇತರರು ಎರಡು ದಿನ ಮಲಗಿ ಎದ್ದುಬಿಡುವ ಜ್ವರ ನನ್ನಂಥವರನ್ನು ಆಸ್ಪತ್ರೆಗೆ ಸೇರಿಸಬಲ್ಲುದು.

ಕಸಿಯಾಗಿ ಎಂಟು ತಿಂಗಳ ಬಳಿಕ ನಾನು ಒಂದು ಖಾಸಗಿ ಶಾಲೆಗೆ ಸೇರಿದೆ. ಸಂದರ್ಶನದಲ್ಲಿ ಕಾಯಿಲೆಯ ವಿಚಾರವನ್ನು ಹೇಳಲಿಲ್ಲ. ಅದು ಮೂರು ಅಂತಸ್ತಿನ ಬಾಡಿಗೆ ಕಟ್ಟಡ. ನನ್ನ ತರಗತಿ ಮೂರನೆಯ ಮಹಡಿಯಲ್ಲಿ, ಶೌಚಾಲಯ ನೆಲ ಅಂತಸ್ತಿನಲ್ಲಿ. ಎರಡು ಪಾಠಗಳ ನಡುವಿನ ಐದು ನಿಮಿಷದಲ್ಲಿ ಇಳಿದು ಹತ್ತಲು ಸಾಧ್ಯವಿರಲಿಲ್ಲ. ಆದ್ದರಿಂದ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ನೀರನ್ನು ಔಷಧಿಯಂತೆ ಕುಡಿಯಬೇಕೆಂದು ವೈದ್ಯರು ಹೇಳಿದ್ದರು. ನಾನು ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡೆ. ಇಲ್ಲಿ ಕುಳಿತಿರುವ ಶಿಕ್ಷಕಿಯರಲ್ಲಿ ಎಷ್ಟು ಮಂದಿ ಇದನ್ನೇ ಮಾಡುತ್ತಿದ್ದೀರಿ ಎಂದು ಕೇಳಿದರೆ ಉತ್ತರ ನನಗೆ ಗೊತ್ತಿದೆ.

2018ರ ಮಾರ್ಚ್ ತಿಂಗಳಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬನಿಗೆ ಚಿಕನ್ ಪಾಕ್ಸ್, ನಮ್ಮ ಕಡೆ 'ಅಮ್ಮ' ಎನ್ನುತ್ತಾರಲ್ಲ, ಅದು ಬಂತು. ಪರೀಕ್ಷೆ ತಪ್ಪಬಾರದೆಂದು ಅವನ ಮನೆಯವರು ಗುಳ್ಳೆಗಳು ಒಣಗುವ ಮುನ್ನವೇ ಶಾಲೆಗೆ ಕಳುಹಿಸಿದರು. ನಾನು ಅವನ ಪಕ್ಕದಲ್ಲಿ ಕುಳಿತು ಬರೆಸಿದೆ. ನನ್ನ ಕಾಯಿಲೆ ಯಾರಿಗೂ ತಿಳಿಯದಿದ್ದ ಕಾರಣ ನನ್ನನ್ನು ಯಾರೂ ಎಚ್ಚರಿಸಲಿಲ್ಲ. ಸೋಂಕಿತರ ಸಂಪರ್ಕಕ್ಕೆ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಿದ್ದರೆ ತಡೆಯುವ ಚಿಕಿತ್ಸೆಗೆ ಅವಕಾಶವಿತ್ತು ಎಂಬುದು ನನಗೂ ತಿಳಿದಿರಲಿಲ್ಲ. ಎರಡು ವಾರ ಕಳೆದು ನಾನು ಆಸ್ಪತ್ರೆ ಸೇರಿದೆ. ಹದಿನೆಂಟು ದಿನ ಅಲ್ಲಿದ್ದೆ. ತಾಯಿ ಕೊಟ್ಟ ಕಿಡ್ನಿ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಅದರ ಕಾರ್ಯಶಕ್ತಿ ಮೊದಲಿನಂತೆ ಇಲ್ಲ. ಶಾಲೆಗೆ ಮರಳಿದಾಗ ಆಡಳಿತ ಮಂಡಳಿಯವರು ಕಾಗದ ಮತ್ತು ಪೆನ್ನು ಮುಂದಿಟ್ಟು ರಾಜೀನಾಮೆ ಬರೆಯಲು ಹೇಳಿದರು. ನಾನು ಬರೆದುಕೊಟ್ಟೆ.

ನಾನು ಆ ಶಾಲೆಯನ್ನು ದೂರಲು ಇಲ್ಲಿ ನಿಂತಿಲ್ಲ. ಬಚ್ಚಿಟ್ಟವಳು ನಾನು. ಆದರೆ ಏಕೆ ಬಚ್ಚಿಟ್ಟೆ ಎಂಬ ಪ್ರಶ್ನೆಯನ್ನು ನಾವೆಲ್ಲರೂ ಎದುರಿಸಬೇಕು. ಮೊದಲನೆಯದು ಕೆಲಸ ಹೋಗುವ ಭಯ. ಎರಡನೆಯದು ಸುದ್ದಿ ಹಬ್ಬುವ ಭಯ. ಮನೆಯಲ್ಲಿ ಮದುವೆಗೆ ಬಂದ ತಂಗಿ ಇದ್ದಾಳೆ, 'ಆ ಮನೆಯಲ್ಲಿ ಕಾಯಿಲೆ ಇದೆ' ಎಂಬ ಮಾತು ಬಂದರೆ ಸಂಬಂಧ ಮುರಿಯುತ್ತದೆ ಎಂದು ಹಿರಿಯರೇ ಬಾಯಿ ಮುಚ್ಚಿಸುತ್ತಾರೆ. ಮೂರನೆಯದು ಕನಿಕರದ ಭಯ. 'ಪಾಪ, ಅವರಿಂದ ಏನಾದೀತು' ಎಂಬ ಮಾತು ಕೇಳುವುದಕ್ಕಿಂತ ಮೆಟ್ಟಿಲು ಹತ್ತಿ ಏದುಸಿರು ಬಿಡುವುದೇ ಲೇಸು ಅನಿಸುತ್ತದೆ. ಈ ಮೂರು ಭಯಗಳಿರುವ ತನಕ ಯಾವ ಶಿಕ್ಷಕರೂ ತಮ್ಮ ಕಾಯಿಲೆಯ ಬಗ್ಗೆ ಬಾಯಿ ಬಿಡಲಾರರು. ಬಾಯಿ ಬಿಡದವರಿಗೆ ಯಾವ ವ್ಯವಸ್ಥೆಯನ್ನೂ ಮಾಡಿಕೊಡಲು ಸಾಧ್ಯವಿಲ್ಲ.

ಇದು ಕೇವಲ ನನ್ನೊಬ್ಬಳ ಕಥೆಯಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. 2020ರಿಂದ 2022ರವರೆಗೆ ಇಡೀ ರಾಜ್ಯವೇ ಈ ಪ್ರಶ್ನೆಯನ್ನು ಎದುರಿಸಿತು. ಕೊರೋನಾದ ಆ ದಿನಗಳನ್ನು ಸ್ವಲ್ಪ ಸ್ಮರಿಸೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಅದೇ ವೇಳೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪೆನಿಗಳು ತಮ್ಮ ಉದ್ಯೋಗಿಗಳಿಗೆ ಮನೆಯಿಂದಲೇ ದುಡಿಯಲು ಹೇಳಿದವು. ಮಧುಮೇಹವಿದ್ದ ಇಂಜಿನಿಯರ್ ತನ್ನ ಮನೆಯ ಮೇಜಿನ ಮುಂದೆ ಕುಳಿತು ಸಂಬಳ ಪಡೆದ. ಅದು ಸರಿಯಾದ ಕ್ರಮವೇ. ಆದರೆ ಪೀಣ್ಯದ ಲೇತ್ ಯಂತ್ರವನ್ನು ಮನೆಗೆ ಒಯ್ಯಲಾಗದು, ಗಾರ್ಮೆಂಟ್ಸ್‌ನ ಹೊಲಿಗೆಯ ಸಾಲನ್ನೂ ಒಯ್ಯಲಾಗದು. ಶಿಕ್ಷಕರು ಇವೆರಡರ ನಡುವೆ ಸಿಲುಕಿದರು. ಆನ್‌ಲೈನ್ ತರಗತಿಯನ್ನು ಮನೆಯಿಂದ ನಡೆಸಬಹುದಿತ್ತು, ಆದರೆ ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಗಳ ಕಾರ್ಮಿಕರ ಮನೆಗಳಲ್ಲಿ ಮೂವರು ಮಕ್ಕಳಿಗೆ ಒಂದೇ ಫೋನ್, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ.

2020ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ವಿದ್ಯಾಗಮ ಯೋಜನೆಯನ್ನು ಆರಂಭಿಸಿತು. ಸರಕಾರಿ ಶಾಲೆಯ ಶಿಕ್ಷಕರು ಊರಿನ ಸಮುದಾಯ ಭವನ, ದೇವಸ್ಥಾನದ ಅಂಗಳ, ಮರದ ನೆರಳು ಹೀಗೆ ಮಕ್ಕಳಿರುವಲ್ಲಿಗೇ ಹೋಗಿ ಕಲಿಸಿದರು. ಉದ್ದೇಶ ಒಳ್ಳೆಯದಿತ್ತು. ಬಡ ಮಕ್ಕಳಿಗೆ ಅದರಿಂದ ಪ್ರಯೋಜನವೂ ಆಯಿತು. ಆದರೆ ಶಿಕ್ಷಕರು ಸೋಂಕಿಗೊಳಗಾದ, ಕೆಲವರು ಮೃತಪಟ್ಟ ಸುದ್ದಿಗಳು ಬರತೊಡಗಿದಾಗ ಅಕ್ಟೋಬರ್ 10ರಂದು ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಮರು ವರ್ಷ 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದಾಗ, ಬಸವಕಲ್ಯಾಣ, ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಉಪಚುನಾವಣೆ ನಡೆಯಿತು. ಚುನಾವಣಾ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರಲ್ಲಿ ಹಲವರು ಸೋಂಕಿಗೆ ಬಲಿಯಾದುದನ್ನು ಪತ್ರಿಕೆಗಳು ವರದಿ ಮಾಡಿದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೇಂದ್ರ ಆರೋಗ್ಯ ಸಚಿವಾಲಯವು 2020ರ ಸೆಪ್ಟೆಂಬರ್ 8ರಂದು, 9ರಿಂದ 12ನೆಯ ತರಗತಿಗಳನ್ನು ಭಾಗಶಃ ತೆರೆಯುವ ಕುರಿತು ಮಾರ್ಗಸೂಚಿ ಹೊರಡಿಸಿತ್ತು. ಹಿರಿಯ ವಯಸ್ಸಿನ ಸಿಬ್ಬಂದಿ, ಗರ್ಭಿಣಿಯರು ಮತ್ತು ಮೊದಲೇ ಕಾಯಿಲೆಯುಳ್ಳವರು ಹೆಚ್ಚಿನ ಎಚ್ಚರ ವಹಿಸಬೇಕು, ಸಾಧ್ಯವಾದಷ್ಟು ಅವರನ್ನು ವಿದ್ಯಾರ್ಥಿಗಳೊಂದಿಗೆ ನೇರ ಸಂಪರ್ಕ ಬರುವ ಕೆಲಸಕ್ಕೆ ಹಚ್ಚಬಾರದು ಎಂಬ ಆಶಯ ಅದರಲ್ಲಿತ್ತು. ಅಂದರೆ ಅಪಾಯ ಹೆಚ್ಚಿರುವ ಶಿಕ್ಷಕರು ಎಂಬ ಒಂದು ವರ್ಗವಿದೆ, ಅವರಿಗೆ ಬೇರೆ ಬಗೆಯ ಕೆಲಸ ಕೊಡಲು ಸಾಧ್ಯವಿದೆ ಎಂಬುದನ್ನು ಸರಕಾರವೇ ಲಿಖಿತವಾಗಿ ಒಪ್ಪಿಕೊಂಡಿತ್ತು. ಆ ಮಾತು ಎಷ್ಟು ಶಾಲೆಗಳ ಸೂಚನಾ ಫಲಕದವರೆಗೆ ತಲುಪಿತು? ವಿಧೇಯತೆಯಿಂದ ಮನೆ ಮನೆಗೆ ಹೋದ ಶಿಕ್ಷಕರಲ್ಲಿ ಎಷ್ಟು ಮಂದಿಗೆ ಅದು ತಿಳಿದಿತ್ತು?

ಆ ಮಾತನ್ನು ಓದಿ ಜಾರಿಗೆ ತಂದ ಒಬ್ಬ ಮುಖ್ಯೋಪಾಧ್ಯಾಯಿನಿಯನ್ನು ನಾನು ಬಲ್ಲೆ. 2019ರಲ್ಲಿ ನಾನು ಸೇರಿದ ಈಗಿನ ಶಾಲೆಯವರು ಅವರು. ಈ ಬಾರಿ ಸಂದರ್ಶನದಲ್ಲೇ ನಾನು ಎಲ್ಲವನ್ನೂ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ, ನಿಮಗೆ ಇಲ್ಲಿ ಏನೇನು ಬೇಕಾಗುತ್ತದೆ ಹೇಳಿ' ಎಂದು ಕೇಳಿ ಬರೆದುಕೊಂಡರು. ನೆಲ ಅಂತಸ್ತಿನ ತರಗತಿ, ಶೌಚಾಲಯಕ್ಕೆ ಹೋಗಲು ಸಮಯ, ತಿಂಗಳಿಗೊಮ್ಮೆ ತಪಾಸಣೆಗೆ ಅರ್ಧ ದಿನ, ಯಾವುದಾದರೂ ಮಗುವಿಗೆ ಸೋಂಕು ಬಂದರೆ ತಕ್ಷಣ ಸುದ್ದಿ, ಇಷ್ಟೇ. ಶಾಲೆಗೆ ಒಂದು ರೂಪಾಯಿ ಖರ್ಚಾಗಲಿಲ್ಲ.

2021ರ ಆಗಸ್ಟ್ 23ರಂದು 9ರಿಂದ 12ನೆಯ ತರಗತಿಗಳು, ಸೆಪ್ಟೆಂಬರ್ 6ರಂದು 6ರಿಂದ 8, ಅಕ್ಟೋಬರ್ 25ರಂದು 1ರಿಂದ 5ನೆಯ ತರಗತಿಗಳು ತೆರೆದವು. ನಾನು ಲಸಿಕೆ ಪಡೆದಿದ್ದೆ. ಆದರೆ ಕಸಿಯಾದವರ ಶರೀರದಲ್ಲಿ ಲಸಿಕೆ ಇತರರಲ್ಲಿ ಕೊಡುವಷ್ಟು ರಕ್ಷಣೆಯನ್ನು ಕೊಡುವುದಿಲ್ಲ, ಸ್ವಲ್ಪ ಕಾಯಿರಿ ಎಂದರು ವೈದ್ಯರು. ಆ ಅವಧಿಯಲ್ಲಿ ನಾನು ಪ್ರಶ್ನೆಪತ್ರಿಕೆ ತಯಾರಿಸಿದೆ, ಉತ್ತರಪತ್ರಿಕೆ ತಿದ್ದಿದೆ, ಶಾಲೆಗೆ ಬರಲಾಗದ ಮಕ್ಕಳಿಗೆ ಫೋನಿನಲ್ಲಿ ಕಲಿಸಿದೆ. ನನ್ನ ತರಗತಿಯನ್ನು ಸಹೋದ್ಯೋಗಿಯೊಬ್ಬರು ನೋಡಿಕೊಂಡರು, ಅವರ ಬರವಣಿಗೆಯ ಕೆಲಸವನ್ನು ನಾನು ಮಾಡಿದೆ. 2022ರ ಜನವರಿಯಲ್ಲಿ ಬೆಂಗಳೂರಿನ ಶಾಲೆಗಳು ಮತ್ತೆ ಮುಚ್ಚಿ, 31ರಂದು ತೆರೆದವು. ಆ ವರ್ಷ ಮೇ 16ರಂದು ಹೊಸ ಶೈಕ್ಷಣಿಕ ವರ್ಷ ಆರಂಭವಾದಾಗ ನಾನು ಮಕ್ಕಳ ಮುಂದೆ ನಿಂತೆ. ಅಂದಿನಿಂದ ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿಲ್ಲ.

ಸಹೋದರ ಸಹೋದರಿಯರೇ, 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾದ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಅದರೊಂದಿಗೆ ನಾವು ಈ ಪಾಠವನ್ನೂ ಮರೆತೆವು. ಆದರೆ ಕ್ಷಯ, ಇನ್‌ಫ್ಲುಯೆಂಜ, ದಡಾರ, ಚಿಕನ್ ಪಾಕ್ಸ್ ಎಲ್ಲಿಗೂ ಹೋಗಿಲ್ಲ. ಶಿಕ್ಷಕರ ಹೆಗಲ ಮೇಲಿನ ಇತರ ಹೊರೆಗಳೂ ಇಳಿದಿಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿಯೂ ಶಿಕ್ಷಕರೇ ಮನೆ ಮನೆ ಹತ್ತಿದರು. ಅದನ್ನು ಪೂರ್ಣಗೊಳಿಸಲೆಂದು ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಕಾಯಿಲೆಯುಳ್ಳವರಿಗೆ ವಿನಾಯಿತಿ ಕೊಡಿ ಎಂಬ ಕೂಗು ಆಗಲೂ ಕೇಳಿಬಂತು. ಸಮೀಕ್ಷೆ ಅಗತ್ಯ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪ್ರತಿ ಸಲವೂ ಶಿಕ್ಷಕರು ಬೇಡಿಕೊಂಡ ಮೇಲೆಯೇ ವಿನಾಯಿತಿಯ ವಿಚಾರ ಬರಬೇಕೇ? ಆದೇಶದ ಮೊದಲ ಪುಟದಲ್ಲೇ ಅದಕ್ಕೆ ಸ್ಥಾನವಿರಬಾರದೇ?

ಇನ್ನು, ದೀರ್ಘ ಕಾಯಿಲೆಯ ಬಳಿಕ ಶಾಲೆಗೆ ಮರಳುವವರು ಮಾಡಬೇಕಾದುದೇನು? ಮೊದಲನೆಯದಾಗಿ, ವೈದ್ಯರಿಂದ ಒಂದು ಪತ್ರ ಪಡೆಯಿರಿ. ಕಾಯಿಲೆಯ ಹೆಸರನ್ನು ಅದರಲ್ಲಿ ಬರೆಯಲೇಬೇಕೆಂದಿಲ್ಲ. ಯಾವ ದಿನದಿಂದ ಕೆಲಸ ಮಾಡಬಹುದು, ಯಾವುದನ್ನು ಮಾಡಬಾರದು, ಏನು ವ್ಯವಸ್ಥೆ ಬೇಕು ಎಂಬ ಮೂರು ಅಂಶಗಳಿದ್ದರೆ ಸಾಕು. ಅವಸರ ಬೇಡ. ಅಂಗಾಂಗ ಕಸಿಯಾದವರಿಗೆ ಮೊದಲ ಆರು ತಿಂಗಳು ಸೋಂಕಿನ ಅಪಾಯ ಅಧಿಕ. ಕಿಮೋಥೆರಪಿ ಪಡೆಯುವವರಲ್ಲಿ ಪ್ರತಿ ಸುತ್ತಿನ ನಂತರ ಸುಮಾರು ಒಂದರಿಂದ ಎರಡು ವಾರದ ಅವಧಿಯಲ್ಲಿ ಬಿಳಿ ರಕ್ತಕಣಗಳು ಅತ್ಯಂತ ಕಡಿಮೆಯಾಗುತ್ತವೆ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ಮಕ್ಕಳ ಸಂದಣಿಯಿಂದ ದೂರವಿರಬೇಕು. ಇಂಥವರಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಯ ಕಷಾಯಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದಾಗಿ, ಲಸಿಕೆ. ಇನ್‌ಫ್ಲುಯೆಂಜದ ಚುಚ್ಚುಮದ್ದನ್ನು ಪ್ರತಿ ವರ್ಷ, ನ್ಯುಮೋನಿಯಾ ತಡೆಯುವ ಲಸಿಕೆಯನ್ನು ವೈದ್ಯರು ಹೇಳಿದಂತೆ ಪಡೆಯಿರಿ. ದಡಾರ, ಚಿಕನ್ ಪಾಕ್ಸ್ ಲಸಿಕೆಗಳು ಜೀವಂತ ರೋಗಾಣುವಿನಿಂದ ಕೂಡಿದವು. ಕಸಿಯ ಔಷಧಿ ಸೇವಿಸುವವರಿಗೂ ಗರ್ಭಿಣಿಯರಿಗೂ ಅವು ವರ್ಜ್ಯ. ಆದ್ದರಿಂದ ಕಸಿಗೆ ಮುಂಚೆಯೇ ಇದರ ಬಗ್ಗೆ ವಿಚಾರಿಸಬೇಕು. ಮಧುಮೇಹಿ ಶಿಕ್ಷಕರು ಮೇಜಿನ ಖಾನೆಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಂಡು, ಬೆವರಿ ನಡುಗಿದರೆ ಏನು ಮಾಡಬೇಕೆಂದು ಪಕ್ಕದ ತರಗತಿಯ ಶಿಕ್ಷಕರಿಗೆ ತಿಳಿಸಿರಬೇಕು.

ರಮಝಾನ್ ಉಪವಾಸದ ಬಗ್ಗೆಯೂ ಒಂದು ಮಾತು ಹೇಳಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಕುರ್‌ಆನ್ ಸ್ವತಃ ನೀಡಿದೆ. ಗುಣವಾಗುವವರು ಬೇರೆ ದಿನಗಳಲ್ಲಿ ಪೂರೈಸಬಹುದು, ಸಾಧ್ಯವೇ ಇಲ್ಲದವರು ಬಡವರಿಗೆ ಉಣಿಸಬಹುದು. ಹೀಗಿದ್ದರೂ ಜನ ಏನೆಂದಾರು ಎಂಬ ಸಂಕೋಚದಿಂದ ಇನ್ಸುಲಿನ್ ಪಡೆಯುವವರು ಉಪವಾಸವಿದ್ದು ತರಗತಿಯಲ್ಲಿ ಕುಸಿದರೆ ಅದಕ್ಕೆ ಹೊಣೆ ಯಾರು? ರಮಝಾನ್‌ಗೆ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಾಣಿರಿ, ಅವರ ಮಾತನ್ನು ಪಾಲಿಸಿರಿ. ಮನೆಯವರೂ ಅಂಥವರ ಮುಂದೆ ಒಂದು ಲೋಟ ನೀರಿಡಲು ಹಿಂಜರಿಯಬಾರದು.

ಇನ್ನು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಪೀಣ್ಯದಲ್ಲಿ ಶಾಲೆ ನಡೆಸುವ ಕಷ್ಟ ನನಗೆ ಗೊತ್ತು. ಕಿಟಕಿ ತೆರೆದರೆ ವರ್ಕ್‌ಶಾಪಿನ ಸದ್ದು, ಧೂಳು, ಪೇಂಟಿನ ವಾಸನೆ. ಮುಚ್ಚಿದರೆ ಐವತ್ತು ಮಕ್ಕಳ ಉಸಿರು ಒಳಗೇ. ಆದರೂ ರಸ್ತೆಯ ಬದಿಯದ್ದನ್ನು ಮುಚ್ಚಿ ಹಿಂಬದಿಯ ಕಿಟಕಿಯನ್ನೂ ಬಾಗಿಲನ್ನೂ ತೆರೆದಿಡಬಹುದು, ಕಾಯಿಲೆಯುಳ್ಳ ಶಿಕ್ಷಕರ ಮೇಜನ್ನು ಗಾಳಿ ಬರುವ ಕಡೆ ಹಾಕಬಹುದು. ಆಸ್ತಮಾ ಇರುವವರಿಗೆ ಸೀಮೆಸುಣ್ಣದ ಬದಲು ಮಾರ್ಕರ್ ಬೋರ್ಡ್ ಕೊಡಬಹುದು. ಹೃದ್ರೋಗಿಗಳಿಗೆ ಕೆಳ ಅಂತಸ್ತಿನ ತರಗತಿ ಕೊಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದಿದೆ. ಶಿಕ್ಷಕಿಯರ ಶೌಚಾಲಯದ ಪ್ರಸ್ತಾಪ ಅಲ್ಲಿಲ್ಲ. ಕಾನೂನು ಹೇಳದಿದ್ದರೆ ನಮ್ಮ ಮನಸ್ಸಾಕ್ಷಿಯಾದರೂ ಹೇಳಬೇಡವೇ?

ಕಾನೂನಿನಲ್ಲಿ ಇರುವುದನ್ನೂ ನಾವು ಬಳಸುತ್ತಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ತಲಸ್ಸೇಮಿಯಾ, ಹಿಮೋಫೀಲಿಯಾ, ಪಾರ್ಕಿನ್ಸನ್ ರೋಗಗಳೂ ಅದರಲ್ಲಿ ಸೇರಿವೆ. ಸೇವೆಯಲ್ಲಿರುವಾಗ ನ್ಯೂನತೆಗೆ ಒಳಗಾದ ಸರಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅಗತ್ಯವಿದ್ದರೆ ಅದೇ ವೇತನದಲ್ಲಿ ಬೇರೆ ಹುದ್ದೆ ಕೊಡಬೇಕು. ಆದರೆ ಕಿಡ್ನಿ ವೈಫಲ್ಯ, ಹೃದ್ರೋಗ, ಮಧುಮೇಹಗಳು ಆ ಪಟ್ಟಿಯಲ್ಲಿಲ್ಲ. ಇದೊಂದು ದೊಡ್ಡ ಕೊರತೆ. ಈ ಬಗ್ಗೆ ಶಿಕ್ಷಕರ ಸಂಘಟನೆಗಳು ಧ್ವನಿಯೆತ್ತಬೇಕು.

ಖಾಸಗಿ ಶಾಲೆಯವರಿಗೆ ಇ.ಎಸ್.ಐ. ಇದೆ. ವೇತನದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ನಮ್ಮ ಸಣ್ಣ ಶಾಲೆಗಳ ಬಹುತೇಕ ಶಿಕ್ಷಕಿಯರ ಸಂಬಳ ಅದಕ್ಕಿಂತ ಕೆಳಗೇ ಇದೆ. ನಿಗದಿತ ದಿನಗಳ ವಂತಿಗೆ ಪಾವತಿಯಾಗಿದ್ದರೆ ಅನಾರೋಗ್ಯದ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70 ದೊರೆಯುತ್ತದೆ. ಕ್ಷಯ, ಕ್ಯಾನ್ಸರ್ ಮುಂತಾದ 34 ದೀರ್ಘಕಾಲಿಕ ರೋಗಗಳಿಗೆ, ನಿಗದಿತ ಅವಧಿಯ ಸೇವೆಯಾಗಿದ್ದರೆ, ಶೇಕಡಾ 80ರಂತೆ ಎರಡು ವರ್ಷದವರೆಗೂ ದೊರೆಯಲು ಅವಕಾಶವಿದೆ. ಇ.ಎಸ್.ಐ. ಆಸ್ಪತ್ರೆ ಪೀಣ್ಯದಲ್ಲೇ ಇದೆ, ರಾಜಾಜಿನಗರದಲ್ಲೂ ಇದೆ. ನಿಮ್ಮ ಹೆಸರು ನೋಂದಣಿಯಾಗಿದೆಯೇ ಎಂದು ನಾಳೆಯೇ ಶಾಲೆಯ ಕಚೇರಿಯಲ್ಲಿ ಕೇಳಿ. ಕಾಯಿಲೆ ಬಂದ ಮೇಲೆ ಕೇಳಿದರೆ ತಡವಾಗುತ್ತದೆ.

ಇನ್ನೊಂದು ವಿಚಾರ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೆಯ ಕಲಮಿನ ಪ್ರಕಾರ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ. ಅನ್ಯಾಯವಾದರೆ 94ನೆಯ ಕಲಮಿನಂತೆ ಶೈಕ್ಷಣಿಕ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ತಾನೇ ರಾಜೀನಾಮೆ ಬರೆದುಕೊಟ್ಟವರಿಗೆ ಈ ದಾರಿ ಬಹಳ ಕಠಿಣವಾಗುತ್ತದೆ. 2018ರಲ್ಲಿ ನನಗೆ ಇದು ತಿಳಿದಿರಲಿಲ್ಲ. ಯಾರಾದರೂ ನಿಮ್ಮ ಮುಂದೆ ಕಾಗದ ಪೆನ್ನು ಇಟ್ಟರೆ, 'ಮನೆಯವರೊಂದಿಗೆ ಮಾತಾಡಿ ನಾಳೆ ಹೇಳುತ್ತೇನೆ' ಎಂದು ಎದ್ದು ಬನ್ನಿ.

ಕೊನೆಯದಾಗಿ ಹೆತ್ತವರಲ್ಲಿ ಒಂದು ಕೋರಿಕೆ. ಜ್ವರವಿರುವ ಮಗುವಿಗೆ ಮಾತ್ರೆ ನುಂಗಿಸಿ ಶಾಲೆಗೆ ಕಳುಹಿಸಬೇಡಿ. ತಂದೆ ತಾಯಿ ಇಬ್ಬರೂ ಶಿಫ್ಟ್‌ಗೆ ಹೋಗುವ ಮನೆಯಲ್ಲಿ ಮಗುವನ್ನು ಇಟ್ಟುಕೊಳ್ಳುವವರಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ನೆರೆಹೊರೆಯವರು ಸೇರಿ ಇದಕ್ಕೊಂದು ಏರ್ಪಾಡು ಮಾಡಿಕೊಳ್ಳಲು ಸಾಧ್ಯವಿಲ್ಲವೇ? ಚಿಕನ್ ಪಾಕ್ಸ್ ಆದ ಮಗುವನ್ನು ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವ ತನಕ ಮನೆಯಲ್ಲಿಡಿ, ಶಾಲೆಗೆ ತಿಳಿಸಿ. ದಡಾರ-ರುಬೆಲ್ಲಾ ಲಸಿಕೆಯನ್ನು ಸರಕಾರ ಉಚಿತವಾಗಿ ಕೊಡುತ್ತಿದೆ, ಒಂಬತ್ತು ತಿಂಗಳು ತುಂಬಿದಾಗ ಮೊದಲನೆಯದು, ಒಂದೂವರೆ ವರ್ಷದ ಸುಮಾರಿಗೆ ಎರಡನೆಯದು. ಅದನ್ನು ತಪ್ಪಿಸಬೇಡಿ. ನಿಮ್ಮ ಮಗುವಿನ ಲಸಿಕೆ ಅದರ ಶಿಕ್ಷಕಿಯನ್ನೂ, ಆಕೆಯ ಗರ್ಭದಲ್ಲಿರುವ ಮಗುವನ್ನೂ ಕಾಪಾಡುತ್ತದೆ.

ಆ ಹುಡುಗ ಈಗ ಪಿಯುಸಿ ಮುಗಿಸಿರಬೇಕು. ಅವನಿಂದ ನನಗೆ ಕಾಯಿಲೆ ಅಂಟಿತೆಂದು ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ತಪ್ಪು ಆ ಮಗುವಿನದಲ್ಲ. ಮಗನ ಕಾಯಿಲೆಯನ್ನು ಅವನ ಮನೆಯವರು ಮುಚ್ಚಿಟ್ಟರು, ನನ್ನದನ್ನು ನಾನು ಮುಚ್ಚಿಟ್ಟೆ, ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತೆವು. ನಮ್ಮ ಶಾಲೆಗಳಲ್ಲಿ ಇನ್ನು ಮುಂದೆ ಹಾಗಾಗಬಾರದು. ಈ ಸಭೆಯಲ್ಲಿ ಮುಖ್ಯೋಪಾಧ್ಯಾಯರಿದ್ದೀರಿ, ಆಡಳಿತ ಮಂಡಳಿಯವರಿದ್ದೀರಿ. ನಾಳೆ ಬೆಳಗ್ಗೆ ನಿಮ್ಮ ಶಾಲೆಯ ಶಿಕ್ಷಕರನ್ನು ಒಬ್ಬೊಬ್ಬರಾಗಿ ಕರೆದು, ಬಾಗಿಲು ಮುಚ್ಚಿ, 'ನಿಮಗೆ ಇಲ್ಲಿ ಏನು ಬೇಕು' ಎಂದು ಒಮ್ಮೆ ಕೇಳಿ. ಮೊದಲ ದಿನ ಯಾರೂ ಹೇಳಲಿಕ್ಕಿಲ್ಲ. ಎರಡನೆಯ ಸಲವೂ ಕೇಳಿ.